ದುರ್ಯೋಧನನ ಸೊಂಟದಲ್ಲೊಂದು ಆಕಾಶವಾಣಿ

ತುಮಕೂರು ಕಡೆಯ ಒಂದು ಊರಿನಲ್ಲಿ ‘ಕುರುಕ್ಷೇತ್ರ’ ನಾಟಕ. ಈಗೀಗ ಇಂಥ ನಾಟಕಗಳು ಬೆಳಗ್ಗೆಯೇ ಶುರುವಾಗುತ್ತವೆ. ಅಂದೂ ಹಾಗೇ ಆಗಿ, ಸಂಧಾನದ ಸೀನಿಗೆ ಬರುವಷ್ಟರಲ್ಲಿ ಸಂಜೆ ಏಳು ದಾಟಿತ್ತು. ಬಾಡಿಗೆ ಸೀನರಿಯ ಅರಮನೆ ಪರದೆ ಮುಂದೆ ದುರ್ಯೋಧನ ಗದೆ ಒರಗಿಸಿಕೊಂಡು ಕೂತಿದ್ದ. ಕೃಷ್ಣ ಐದೇ ಐದು ಊರು ಕೇಳಿದ, ಹಾರ್ಮೋನಿಯಂ ಮೇಷ್ಟ್ರ ಕಡೆ ಒಂದು ಸಲ ನೋಡಿದ, ಹಾಡು ಎತ್ತಲು ಉಸಿರು ತುಂಬಿಕೊಂಡ. ಆ ಅರೆಗಳಿಗೆಯ ಮೌನದಲ್ಲಿ ನಮ್ಮ ಸ್ಪೀಕರುಗಳೆರಡೂ ಒಟ್ಟಿಗೆ ಹೇಳಿದವು: “ಗಂಡಿನ ಕಡೆಯೋರು ಬೇಗ್ ಬೇಗ ಸ್ಟೇಜ್ ಮೇಲಕ್ ಬರ್ಬೇಕು, ಫೋಟೋದೋರು ಕಾಯ್ತಾವ್ರೆ.”

ಜನ ಎರಡು ಸೆಕೆಂಡು ಸುಮ್ಮನಿದ್ದು ಆಮೇಲೆ ಒಮ್ಮೆಗೇ ನಕ್ಕರು. “ಕೌರವರು ನೂರು ಜನ ಅವ್ರೆ, ಒಂದು ಫೋಟೋಗೆ ಹಿಡಿಯಾಕಿಲ್ಲ ಬಿಡಪ್ಪೋ” ಎಂದು ಯಾರೋ ಕೂಗಿದ ಮೇಲಂತೂ ಕೃಷ್ಣನ ತುಟಿಯೂ ಅದುರಿತು. ಮಿಕ್ಸರ್ ಮುಂದೆ ಕೂತಿದ್ದವನು ನಾನು. ಓದಿದ್ದು ಎಲೆಕ್ಟ್ರಾನಿಕ್ಸ್. ಆ ಕಾರಣಕ್ಕೇ ಊರಿನವರು ನಂಬಿ ಕೂರಿಸಿದ್ದರು.

ಆಗಿದ್ದು ಇಷ್ಟು. ಹಿಂದಿನ ಸೀನು ಮುಗಿಸಿ ಒಳಗೆ ಹೋದ ಶಕುನಿ, ಪಾಪ, ಸೆಲ್ ಉಳಿಯಲಿ ಎಂದು ಸೊಂಟಕ್ಕೆ ಕಟ್ಟಿದ್ದ ಕಾರ್ಡ್‌ಲೆಸ್ ಮೈಕಿನ ಡಬ್ಬಿಯ ಸ್ವಿಚ್ ಆಫ್ ಮಾಡಿದ್ದರು. ನಾನು ಮಿಕ್ಸರ್‌ನಲ್ಲಿ ಅವರ ದನಿಯ ಫೇಡರ್ ಇಳಿಸುವುದನ್ನು ಮರೆತಿದ್ದೆ. ಪಕ್ಕದ ಬೀದಿಯ ಛತ್ರದಲ್ಲಿ ಆರತಕ್ಷತೆ ನಡೆದಿತ್ತು, ಅಲ್ಲಿಯ ಕಾರ್ಡ್‌ಲೆಸ್ ಮೈಕೂ ನಮ್ಮ ಶಕುನಿಯ ಮೈಕೂ ಒಂದೇ ಫ್ರೀಕ್ವೆನ್ಸಿಯವು. ಹತ್ತಿರದ ದನಿ ಇರುವತನಕ ನಮ್ಮ ರಿಸೀವರ್ ಅದನ್ನೇ ಹಿಡಿದುಕೊಂಡಿತ್ತು, ಅದು ನಿಂತದ್ದೇ ದೂರದ್ದನ್ನು ಹಿಡಿಯಿತು. ಯಂತ್ರ ಕೆಟ್ಟಿರಲಿಲ್ಲ. ಅದಕ್ಕೆ ಒಪ್ಪಿಸಿದ್ದ ಕೆಲಸವನ್ನು ಅದು ಚಾಚೂ ತಪ್ಪದೆ ಮಾಡಿತ್ತು.

ಕಾರ್ಡ್‌ಲೆಸ್ ತರುವವರು ತಂತಿ ಇಲ್ಲದ ಮೈಕ್ ತಂದೆವು ಎಂದುಕೊಳ್ಳುತ್ತಾರೆ. ನಿಜವಾಗಿ ತಂದಿರುವುದು ಒಂದೊಂದು ಪಾತ್ರಕ್ಕೆ ಒಂದೊಂದು ರೇಡಿಯೊ ಕೇಂದ್ರ. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಹೆಸರಿನ ಕೇಂದ್ರ ಶುರುಮಾಡಿದರಲ್ಲ, ಅದರ ಮೊದಲ ಟ್ರಾನ್ಸ್‌ಮಿಟರ್ 30 ವಾಟ್‌ನದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರು ನಿಂತಿತು. ಗೋಪಾಲಸ್ವಾಮಿಯವರಿಗೆ ನಾಟಕದ ಹುಚ್ಚೂ ಇತ್ತು. ದುರ್ಯೋಧನನ ನಡುಪಟ್ಟಿಗೆ ಸಿಕ್ಕಿಸುವ ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ 10ರಿಂದ 50 ಮಿಲಿವಾಟ್. 30 ಮಿಲಿವಾಟ್ ಎಂದಿಟ್ಟುಕೊಂಡರೆ ಮೈಸೂರಿನ ಆ ಕೇಂದ್ರದ ಸಾವಿರದಲ್ಲೊಂದು ಪಾಲು. ನಾಟಕ ನೋಡುವವರ ಜೇಬಿನ ಮೊಬೈಲ್ ಟವರ್ ಸಿಗದೆ ಒದ್ದಾಡುವಾಗ 200 ಮಿಲಿವಾಟ್‌ವರೆಗೆ ಹೋಗುತ್ತದೆ. ಇಷ್ಟು ಬಡ ಕೇಂದ್ರ ಅಷ್ಟು ಗದ್ದಲದ ಸಂತೆಯಲ್ಲಿ ತನ್ನ ದನಿ ಮುಟ್ಟಿಸಬೇಕು.

ಮೈಕ್‌ಗೆ ತಂತಿ ಕಳಚುವ ಚಪಲ ಹಳೆಯದು. 1949ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ‘ಅಲ್ಲಾದೀನ್’ ಪ್ರದರ್ಶನಕ್ಕಾಗಿ ರೆಗ್ ಮೂರ್ಸ್ ಎಂಬಾತ ತಾನೇ ಕಟ್ಟಿದ ರೇಡಿಯೊ ಮೈಕನ್ನು ಬಳಸಿದ. ಜಾರುವವನ ಹಿಂದೆ ತಂತಿ ಎಳೆಯಲಾದೀತೆ? 1964ರ ‘ಮೈ ಫೇರ್ ಲೇಡಿ’ ಸಿನಿಮಾದಲ್ಲಿ ರೆಕ್ಸ್ ಹ್ಯಾರಿಸನ್ ಮೊದಲೇ ರೆಕಾರ್ಡ್ ಮಾಡಿದ ಹಾಡಿಗೆ ತುಟಿ ಆಡಿಸಲು ಒಪ್ಪದೆ, ಕೊರಳ ಟೈನಲ್ಲಿ ಮೈಕ್ ಅಡಗಿಸಿಕೊಂಡು ಶೂಟಿಂಗ್‌ನಲ್ಲೇ ಹಾಡಿದ. ನಮ್ಮ ಪೌರಾಣಿಕ ನಾಟಕದವರ ಕಾರಣವೂ ಹೆಚ್ಚುಕಮ್ಮಿ ಅದೇ. ಸ್ಟೇಜಿನ ಅಂಚಿಗೆ ಸಾಲಾಗಿ ನಿಲ್ಲಿಸಿದ ಸ್ಟ್ಯಾಂಡ್ ಮೈಕ್ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರೂ ದನಿ ಹೋಗುತ್ತಿತ್ತು. ಭೀಮ ಕೋಪ ಬಂದರೂ ಮೈಕ್ ಮುಂದೆಯೇ ಕೋಪ ಮಾಡಿಕೊಳ್ಳಬೇಕು. ದ್ರೌಪದಿ ಸಭೆಯಲ್ಲಿ ಕೆಳಗೆ ಬಿದ್ದಳೋ, ಅವಳ ಅಳು ಜನಕ್ಕೆ ಮುಟ್ಟುತ್ತಿರಲಿಲ್ಲ.

ಮೊದಲು ಕೇಳಬೇಕಾದ್ದು ಫ್ರೀಕ್ವೆನ್ಸಿ. ಅಗ್ಗದ ಸೆಟ್‌ಗಳಲ್ಲಿ ಅದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಬದಲಿಸಲು ಬರುವುದಿಲ್ಲ. ಒಂದೇ ಅಂಗಡಿಯಿಂದ ಅದೇ ಮಾಡೆಲ್ ಕೊಂಡ ಇಬ್ಬರು ಸೌಂಡ್‌ನವರು ಅಕ್ಕಪಕ್ಕದ ಬೀದಿಗೆ ಬಂದರೆ ನಮ್ಮ ಶಕುನಿಯ ಕತೆಯಾಗುತ್ತದೆ. ಬಾಡಿಗೆ ಅಂಗಡಿಯಲ್ಲಿ ನಾನು ಈಗ ಮೊದಲು ಕೇಳುವ ಪ್ರಶ್ನೆ “ಎಷ್ಟು ಮೈಕ್ ಇದೆ” ಎಂಬುದಲ್ಲ, “ಚಾನೆಲ್ ಬದಲಾಯಿಸೋಕೆ ಬರುತ್ತಾ” ಎಂಬುದು. ರಿಸೀವರ್‌ನಲ್ಲಿ ಅಂಕಿ ತೋರಿಸುವ ಪುಟ್ಟ ಪರದೆಯಿದ್ದು, ಮೇಲೆ ಕೆಳಗೆ ಒತ್ತುವ ಗುಂಡಿಯಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ.

ಹಾಗಂತ ಮೂರು ಮೈಕ್‌ಗೆ 600, 601, 602 ಮೆಗಾಹರ್ಟ್ಸ್ ಎಂದು ಪಂಕ್ತಿಯಲ್ಲಿ ಎಲೆ ಹಾಕಿದಂತೆ ಸಾಲಾಗಿ ಕೊಟ್ಟುಬಿಡುವಂತಿಲ್ಲ. ಇಲ್ಲಿಯೇ ಬಹಳ ಜನ ಎಡವುವುದು. ಎರಡು ಟ್ರಾನ್ಸ್‌ಮಿಟರ್ ಒಂದರ ಹತ್ತಿರ ಒಂದು ಬಂದಾಗ ಅವುಗಳ ತರಂಗಗಳು ಬೆರೆತು ಹೊಸ ತರಂಗಗಳನ್ನು ಹೆರುತ್ತವೆ. ಲೆಕ್ಕ ಸುಲಭ: ಒಂದನ್ನು ದುಪ್ಪಟ್ಟು ಮಾಡಿ ಇನ್ನೊಂದನ್ನು ಕಳೆಯಿರಿ. 601ರ ದುಪ್ಪಟ್ಟು 1202, ಅದರಲ್ಲಿ 600 ಕಳೆದರೆ 602. ಅಂದರೆ ಮೊದಲ ಎರಡು ಮೈಕ್ ಸೇರಿ, ಯಾರೂ ಕರೆಯದೆ, ಮೂರನೆಯವನ ತಲೆಯ ಮೇಲೇ ಹೋಗಿ ಕೂರುತ್ತವೆ. ಧರ್ಮರಾಯ ಮತ್ತು ಅರ್ಜುನ ಅಪ್ಪಿಕೊಂಡಾಗ ಮೂಲೆಯಲ್ಲಿ ಒಬ್ಬನೇ ನಿಂತ ನಕುಲನ ಮೈಕ್ ಗೊರಗುಟ್ಟುವುದು ಇದರಿಂದಲೇ. ಅಂತರ ಸಮನಾಗಿರಬಾರದು. 600, 601, 602.6 ಎಂದು ಇಟ್ಟುನೋಡಿ, ಹಿಂದೆ ಮುಂದೆ ಹೇಗೆ ಕೂಡಿ ಕಳೆದರೂ ಯಾವುದೂ ಯಾವುದರ ಮೇಲೂ ಬೀಳುವುದಿಲ್ಲ. ಮೂರಕ್ಕೆ ಪೆನ್ಸಿಲ್ ಸಾಕು. ಎಂಟು ಮೈಕ್ ಆದರೆ ತಲೆ ಕೆಡುತ್ತದೆ. ಅದಕ್ಕೇ ಒಳ್ಳೆಯ ಸೆಟ್‌ಗಳಲ್ಲಿ ‘ಗ್ರೂಪ್’ ಮತ್ತು ‘ಚಾನೆಲ್’ ಎಂದು ಎರಡು ಅಂಕಿ ಇರುತ್ತವೆ. ಗ್ರೂಪ್ ಒಂದೇ ಇಟ್ಟು ಚಾನೆಲ್ ಮಾತ್ರ ಬೇರೆ ಬೇರೆ ಮಾಡಿದರೆ ಈ ಲೆಕ್ಕವನ್ನು ಕಂಪನಿಯವರೇ ಮಾಡಿಟ್ಟಿರುತ್ತಾರೆ. ಗ್ರೂಪ್ ಎಂದರೆ ಏನೆಂದು ತಿಳಿಯದೆ ಒಂದನ್ನು ಗ್ರೂಪ್ ಎರಡಕ್ಕೂ ಇನ್ನೊಂದನ್ನು ಐದಕ್ಕೂ ತಿರುಗಿಸಿಟ್ಟವರನ್ನು ಎಷ್ಟೋ ಕಡೆ ಕಂಡಿದ್ದೇನೆ. ನಾನೇ ಒಂದು ವರ್ಷ ಹಾಗೆ ಮಾಡಿದ್ದೇನೆ.

ಇನ್ನು ನೆರೆಹೊರೆ. ಯಾವ ತರಂಗ ಯಾರಿಗೆ ಎಂಬುದು ಕೇಂದ್ರ ಸರ್ಕಾರ ಹಂಚಿಕೊಡುವ ಜಮೀನು. ಮೈಕ್‌ಗಳು ಬಹುಕಾಲ ಟಿ.ವಿ. ಚಾನೆಲ್‌ಗಳ ನಡುವಿನ ಬದುವಿನಲ್ಲಿ ಬದುಕಿದವು. ದೂರದರ್ಶನದ ಅನಲಾಗ್ ಟವರ್‌ಗಳು ಮುಚ್ಚುತ್ತಾ ಬಂದಂತೆ ಆ ಜಮೀನಿನ ಮೇಲೆ ಮೊಬೈಲ್‌ನವರ ಕಣ್ಣು ಬಿತ್ತು. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್ ದೇಶದ 22 ವಲಯಗಳಲ್ಲೂ 5ಜಿಗಾಗಿ ಮಾರಾಟವಾಯಿತು. ಆ ಹರಾಜಿನಲ್ಲಿ 600ರ ಬ್ಯಾಂಡ್ ಕೇಳುವವರಿಲ್ಲದೆ ಉಳಿಯಿತು. ಹಳೆಯ ಸೆಟ್ ಒಂದರ ಬೆನ್ನಿನ ಚೀಟಿಯಲ್ಲಿ 700ರ ಮೇಲಿನ ಅಂಕಿ ಕಂಡರೆ, ಅಗ್ಗಕ್ಕೆ ಸಿಕ್ಕಿತು ಎಂದು ಕೊಳ್ಳಬೇಡಿ. ಅಮೆರಿಕದಲ್ಲಿ 2010ರಿಂದಲೇ ಆ ಬ್ಯಾಂಡಿನ ಮೈಕ್ ಬಳಸುವುದು ಕಾನೂನು ಪ್ರಕಾರ ತಪ್ಪು. ಅಲ್ಲಿಂದ ಸಂಬಂಧಿಕರು ತಂದುಕೊಟ್ಟ ಹಳೆಯ ಮೈಕ್‌ಗಳ ಗುಟ್ಟು ಕೆಲವು ಸಲ ಇಷ್ಟೇ ಇರುತ್ತದೆ.

ಈಗ ಮಾರುಕಟ್ಟೆ ತುಂಬ 2.4 ಗಿಗಾಹರ್ಟ್ಸ್ ಮೈಕ್‌ಗಳು. ಅಂಗಿಗೆ ಸಿಕ್ಕಿಸಿಕೊಂಡು ಯೂಟ್ಯೂಬ್‌ಗೆ ಮಾತಾಡುವವರಿಗೆ ಹೇಳಿ ಮಾಡಿಸಿದ್ದು, ಆ ಕೆಲಸಕ್ಕೆ ನಾನೂ ಇಟ್ಟುಕೊಂಡಿದ್ದೇನೆ. ಆದರೆ ವೈ-ಫೈ, ಬ್ಲೂಟೂತ್ ಎಲ್ಲ ಓಡಾಡುವ ಬೀದಿ ಅದೇ. ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಟೆಸ್ಟ್ ಮಾಡಿದಾಗ ಗಂಟೆಯಂತೆ ಕೇಳಿದ್ದು, ಸಂಜೆ ಐನೂರು ಜನ ಐನೂರು ಫೋನ್ ಹಿಡಿದು ಬಂದ ಮೇಲೆ ತುಂಡು ತುಂಡಾಗುತ್ತದೆ. ಅದಲ್ಲದೆ ಈ ತರಂಗವನ್ನು ಮನುಷ್ಯನ ದೇಹ ಇನ್ನಷ್ಟು ಹೀರಿಕೊಳ್ಳುತ್ತದೆ. ನಾಟಕಕ್ಕೆ, ಮದುವೆಗೆ ನನ್ನ ಓಟು 600ರ ಆಸುಪಾಸಿನ ಯುಹೆಚ್‌ಎಫ್‌ಗೇ.

ಫ್ರೀಕ್ವೆನ್ಸಿಗೆ ಖಾಲಿ ಜಾಗ ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ನಿಮ್ಮ ಎಲ್ಲ ಟ್ರಾನ್ಸ್‌ಮಿಟರ್‌ಗಳೂ ಆಫ್ ಇರಬೇಕು. ಆದರೆ ಎಲ್‌ಇಡಿ ಪರದೆ, ಲೈಟುಗಳು, ಕ್ಯಾಮೆರಾದವರ ಪೆಟ್ಟಿಗೆಗಳು, ವಾಕಿಟಾಕಿ, ಹೀಗೆ ಅಂದು ಉರಿಯುವುದೆಲ್ಲ ಆನ್ ಇರಬೇಕು. ಎಲ್‌ಇಡಿ ಗೋಡೆ ಒಂದು ದೊಡ್ಡ ಗದ್ದಲದ ಮೂಲ, ಅದನ್ನು ಆರಿಸಿಟ್ಟು ಮಾಡಿದ ಸ್ಕ್ಯಾನ್‌ಗೆ ಬೆಲೆಯಿಲ್ಲ. ಆಗ ರಿಸೀವರ್‌ನಲ್ಲಿ ಸ್ಕ್ಯಾನ್ ಒತ್ತಿದರೆ ಖಾಲಿ ಜಾಗ ತೋರಿಸುತ್ತದೆ. ಸ್ಕ್ಯಾನ್ ಇಲ್ಲದ ಸೆಟ್ ಆದರೆ ಕಣ್ಣೇ ಗತಿ: ಟ್ರಾನ್ಸ್‌ಮಿಟರ್ ಆಫ್ ಇದ್ದಾಗಲೂ ‘ಆರ್‌ಎಫ್’ ದೀಪ ಹತ್ತಿಕೊಂಡಿದೆಯೆಂದರೆ ಅಲ್ಲಿ ಯಾರೋ ಆಗಲೇ ಮನೆ ಮಾಡಿದ್ದಾರೆ, ಮುಂದಿನ ಚಾನೆಲ್‌ಗೆ ಹೋಗಿ. ಖಾಲಿ ಜಾಗ ಸಿಕ್ಕಿದ ಮೇಲೆ ಒಂದೊಂದೇ ಡಬ್ಬಿಯನ್ನು ಅದಕ್ಕೆ ಹೊಂದಿಸಿ, ಆನ್ ಮಾಡಿ, ಹಾಗೇ ಆನ್‌ನಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಎಷ್ಟೋ ಸೆಟ್‌ಗಳಲ್ಲಿ ಡಬ್ಬಿಯ ಪುಟ್ಟ ಕಿಟಕಿಯನ್ನು ರಿಸೀವರ್ ಕಡೆ ತೋರಿಸಿ ಸಿಂಕ್ ಗುಂಡಿ ಒತ್ತಿದರೆ ಟಿ.ವಿ. ರಿಮೋಟಿನಂತೆ ಬೆಳಕಿನಲ್ಲೇ ಅಂಕಿ ದಾಟುತ್ತದೆ. ಆಗ ಪಕ್ಕದಲ್ಲಿ ಇನ್ನೊಂದು ಡಬ್ಬಿಯ ಕಿಟಕಿ ತೆರೆದಿರಬಾರದು. ಇದ್ದರೆ ಅದೂ ಅದೇ ಅಂಕಿ ನುಂಗಿ ಕೂರುತ್ತದೆ.

ರಿಸೀವರ್ ಎಲ್ಲಿಡಬೇಕು? ಸೌಂಡ್‌ನವರು ಅದನ್ನು ಇಡುವ ಜಾಗಗಳು ಗೊತ್ತೇ ಇವೆ: ಸ್ಟೇಜ್ ಕೆಳಗೆ, ಆಂಪ್ಲಿಫೈಯರ್ ಕಬ್ಬಿಣದ ಪೆಟ್ಟಿಗೆಯೊಳಗೆ, ಜನರ ಹಿಂದೆ ನೆಲದ ಮೇಲೆ. ಮೂರೂ ತಪ್ಪು. ಮನುಷ್ಯನ ಮೈ ಬಹುಪಾಲು ನೀರು, ನೀರು ಈ ತರಂಗಗಳನ್ನು ಕುಡಿದುಬಿಡುತ್ತದೆ. ಜನ ಕೂತಿರುವತನಕ ಪರವಾಗಿಲ್ಲ, ಹಾಡು ಚೆನ್ನಾಗಿತ್ತೆಂದು ನೋಟಿನ ಹಾರ ಹಾಕಲು ಹತ್ತು ಮಂದಿ ಎದ್ದು ಮುಂದೆ ಬಂದರೋ, ಅಷ್ಟೂ ಜನ ನಿಮ್ಮ ಕೃಷ್ಣನಿಗೂ ರಿಸೀವರ್‌ಗೂ ನಡುವೆ ಕೆರೆ ಏರಿಯಂತೆ ನಿಲ್ಲುತ್ತಾರೆ. ಸ್ಟೇಜಿನ ಪಕ್ಕದ ವಿಂಗ್‌ನಲ್ಲಿ, ನಿಂತವರ ತಲೆಗಿಂತ ಎತ್ತರದಲ್ಲಿ, ಪಾತ್ರಗಳು ಕಣ್ಣಿಗೆ ಕಾಣುವ ಕಡೆ ಇಡಿ. ರಿಸೀವರ್‌ನಿಂದ ಮಿಕ್ಸರ್‌ಗೆ ಉದ್ದ ಬೇಕಾದ್ದು ಆಡಿಯೊ ತಂತಿ, ಅದನ್ನು ಐವತ್ತು ಮೀಟರ್ ಎಳೆದರೂ ಸಮತೋಲದ ಎಕ್ಸ್‌ಎಲ್‌ಆರ್ ತಂತಿಗೆ ಏನೂ ಆಗದು. ಆಂಟೆನಾ ತಂತಿ ಉದ್ದ ಮಾಡಿದರೆ ಪ್ರತಿ ಮೀಟರಿಗೂ ಅದು ಸಿಗ್ನಲ್ ತಿನ್ನುತ್ತದೆ. ತೀರಾ ಹತ್ತಿರವೂ ಬೇಡ. ಡಬ್ಬಿಗೂ ಆಂಟೆನಾಗೂ ನಡುವೆ ಎರಡು ಮೂರು ಮೀಟರ್ ಇರಲಿ, ಕಿವಿಯ ಹತ್ತಿರವೇ ಕಿರುಚಿದರೆ ಯಾರಿಗೂ ಮಾತು ತಿಳಿಯುವುದಿಲ್ಲ.

ರಿಸೀವರ್‌ಗೆ ಎರಡು ಕೊಂಬು ಯಾಕೆ ಎಂದು ಮಕ್ಕಳು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. 600 ಮೆಗಾಹರ್ಟ್ಸ್ ತರಂಗದ ಉದ್ದ ಅರ್ಧ ಮೀಟರ್. ಡಬ್ಬಿಯಿಂದ ಹೊರಟದ್ದು ನೇರವಾಗಿಯೂ ಬರುತ್ತದೆ, ಕಬ್ಬಿಣದ ಟ್ರಸ್ಸಿಗೋ ಷೀಟಿನ ಚಾವಣಿಗೋ ಬಡಿದು ಸುತ್ತಿ ಬಳಸಿಯೂ ಬರುತ್ತದೆ. ಎರಡು ದಾರಿಯ ವ್ಯತ್ಯಾಸ ಕಾಲು ಮೀಟರ್ ಆಯಿತೆಂದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಸ್ಟೇಜಿನ ಮೇಲೆ ಒಂದು ಗೇಣು ಜಾಗದಲ್ಲಿ ಮಾತ್ರ ದನಿ ಸತ್ತು, ಅರ್ಧ ಹೆಜ್ಜೆ ಸರಿದರೆ ಮತ್ತೆ ಬರುವುದು ಇದರಿಂದ. ಒಂದು ಕೊಂಬಿಗೆ ತಗ್ಗು ಸಿಕ್ಕಾಗ ಇನ್ನೊಂದಕ್ಕೆ ಸಿಗದಿರಲಿ ಎಂದು ಎರಡು. ಅದಕ್ಕೇ ಅವನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಬಾರದು, ಎರಡೂ ಓರೆಯಾಗಿ ಹೊರಕ್ಕೆ ವಾಲಿರಬೇಕು. ಆಮೇಲೆ ಯಾರನ್ನಾದರೂ ಡಬ್ಬಿ ಕಟ್ಟಿ ಸ್ಟೇಜಿನ ಮೂಲೆಮೂಲೆ ಸುತ್ತಿಸಿ. ಬಣ್ಣದ ಕೋಣೆಯ ಬಾಗಿಲು, ದ್ರೌಪದಿ ಬೀಳುವ ಜಾಗ, ಸೀನರಿಯ ಮೆಟ್ಟಿಲ ಹಿಂದೆ, ಎಲ್ಲ ಕಡೆ. ಬಾಯಿ ಮುಚ್ಚಿಕೊಂಡು ಅಲ್ಲ, ಒಂದೇ ಸಮ ಮಾತಾಡುತ್ತಾ. ನಮ್ಮಲ್ಲಿ ಈ ಕೆಲಸಕ್ಕೆ ಒಬ್ಬ ಹುಡುಗ ಇದ್ದಾನೆ, ಮಗ್ಗಿ ಹೇಳುತ್ತಾ ಹೋಗುತ್ತಾನೆ. ಯಾವ ಜಾಗದಲ್ಲಿ ಏಳೆಂಟ್ಲೆ ಕಳೆದುಹೋಯಿತೋ ಅಲ್ಲಿ ಸೀಮೆಸುಣ್ಣದ ಗುರುತು.

ವೇಷ ಕಟ್ಟುವಾಗಲೇ ಮೈಕ್ ಕಟ್ಟಬೇಕು, ಆಮೇಲೆ ಅಲ್ಲ. ದುರ್ಯೋಧನ ಮಾಡುವವರು ಬೆಂಚಿನ ಮೇಲೆ ಕೂರುತ್ತಾರೆ. ಮುಖಕ್ಕೆ ಎಣ್ಣೆ ಬಣ್ಣ ಬೀಳುವ ಮೊದಲೇ ಕೆನ್ನೆಯನ್ನು ಒಣಬಟ್ಟೆಯಿಂದ ಒರೆಸಿ, ಔಷಧಿ ಅಂಗಡಿಯಲ್ಲಿ ಸಿಗುವ ಗಾಯಕ್ಕೆ ಹಾಕುವ ಟೇಪಿನ ತುಂಡಿನಿಂದ ತಂತಿಯನ್ನು ಕಿವಿಯ ಮುಂದೆ ಅಂಟಿಸುತ್ತೇನೆ. ಕಾಳುಮೆಣಸಿನಷ್ಟಿರುವ ಮೈಕಿನ ತಲೆ ಬಾಯಿಯ ಮೂಲೆಗೆ ಬರಬೇಕು, ಬಾಯಿಯ ಎದುರಿಗಲ್ಲ. ಎದುರಿಗೆ ಬಂದರೆ ‘ಪಾರ್ಥ’, ‘ಪಾಂಡವ’ ಎಂದಾಗಲೆಲ್ಲ ಪಕಾರದ ಗಾಳಿ ಬಡಿದು ಡಬ್ ಡಬ್ ಎನ್ನುತ್ತದೆ. ತಂತಿ ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುವಲ್ಲಿ ಒಂದು ಸಡಿಲ ಸುತ್ತು ಬಿಟ್ಟು ಮತ್ತೊಂದು ಟೇಪು. ತಲೆ ಹೊರಳಿಸಿದಾಗ ಎಳೆತ ಆ ಸುತ್ತಿಗೆ ಬೀಳಬೇಕು, ಕೆನ್ನೆಗಲ್ಲ. ಬೆನ್ನಿನ ಮೇಲಿಂದ ಇಳಿದು ಡಬ್ಬಿ ಸೊಂಟಕ್ಕೆ. ಅದರ ಬಾಲದಂಥ ಆಂಟೆನಾ ಮಡಚಿರಬಾರದು, ಬೆವರಿದ ಚರ್ಮಕ್ಕೆ ಅಂಟಿರಬಾರದು, ತಗಡಿನ ನಡುಪಟ್ಟಿಯ ಒಳಗೆ ಸಿಕ್ಕಿರಬಾರದು. ಮಣಿಯ ಎದೆಕಟ್ಟು, ಭುಜಕೀರ್ತಿ, ಕಿರೀಟ ಏರಿದ ಮೇಲೆ ಅವರನ್ನು ಎದ್ದು ನಿಲ್ಲಿಸಿ, ತಲೆ ಎರಡೂ ಕಡೆ ತಿರುಗಿಸಿ, ಗದೆ ಎತ್ತಿಸಿ ನೋಡುತ್ತೇನೆ. ಭುಜಕೀರ್ತಿ ತಂತಿಗೆ ಉಜ್ಜುವ ಸದ್ದು ಆಗಲೇ ಕೇಳಿಸಿಬಿಡಬೇಕು.

ಕಾಲರ್ ಮೈಕ್ ಯಾಕಾಗದು ಎಂದರೆ, ಎದೆಯ ಮೇಲಿನ ಮೈಕ್ ಬಾಯಿಂದ ಇಪ್ಪತ್ತು ಸೆಂಟಿಮೀಟರ್ ದೂರ, ಕೆನ್ನೆಯದು ಐದು. ದೂರ ಎರಡು ಪಟ್ಟಾದಾಗಲೆಲ್ಲ ದನಿ ಆರು ಡೆಸಿಬೆಲ್ ಇಳಿಯುತ್ತದೆ, ಇಲ್ಲಿ ನಾಲ್ಕು ಪಟ್ಟು, ಹನ್ನೆರಡು ಡೆಸಿಬೆಲ್. ಆ ಹನ್ನೆರಡನ್ನು ಮಿಕ್ಸರ್‌ನಲ್ಲಿ ಏರಿಸಹೊರಟರೆ ಸ್ಪೀಕರ್ ಕೂಗು ಶುರು. ಒಬ್ಬರೇ ಉಪನ್ಯಾಸ ಮಾಡುವ ಮೌನದ ಸಭೆಗೆ ಕಾಲರ್ ಮೈಕ್ ಸೊಗಸು. ಅಲ್ಲೂ ರೇಷ್ಮೆ ಸೀರೆಯ ಸೆರಗಿಗೆ ಸಿಕ್ಕಿಸಬೇಡಿ, ಮಾತಿಗಿಂತ ಸರಬರವೇ ಜಾಸ್ತಿ ಕೇಳುತ್ತದೆ. ರವಿಕೆಯ ಅಂಚಿಗೋ ಕೋಟಿನ ಅಂಚಿಗೋ, ಗದ್ದದಿಂದ ಒಂದು ಗೇಣು ಕೆಳಗೆ.

ಬೆವರು ದೊಡ್ಡ ಶತ್ರು. ಮಖಮಲ್ಲಿನ ಡ್ರೆಸ್ ಹಾಕಿ ದೀಪಗಳ ಕೆಳಗೆ ಮೂರು ಗಂಟೆ ನಿಂತವರ ಡಬ್ಬಿಯಿಂದ ನೀರು ಬಸಿದಿದ್ದೇನೆ. ತೆಳು ಪ್ಲಾಸ್ಟಿಕ್ ಚೀಲ ಸುತ್ತಬಹುದು. ಹೊರದೇಶದ ದೊಡ್ಡ ರಂಗಮಂದಿರಗಳವರು ಡಬ್ಬಿಗೆ ಎಣ್ಣೆ ಸವರದ ನಿರೋಧ್ ತೊಡಿಸುತ್ತಾರೆ. ಕೆಲಸ ಅಚ್ಚುಕಟ್ಟು, ನಮ್ಮೂರಿನ ಮೆಡಿಕಲ್ ಸ್ಟೋರಿನಲ್ಲಿ ನಾಟಕಕ್ಕೆಂದು ಎರಡು ಡಜನ್ ಕೇಳುವ ಧೈರ್ಯ ಮಾತ್ರ ನನಗೆ ಬಂದಿಲ್ಲ.

ಸೆಲ್ ವಿಷಯದಲ್ಲಿ ನನ್ನದು ಹಟ. ಪ್ರತಿ ನಾಟಕಕ್ಕೂ ಹೊಸ ಆಲ್ಕಲೈನ್, ಮಧ್ಯಂತರದಲ್ಲಿ ಉಳಿದಿದ್ದರೂ ಸರಿ ಬದಲು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಡವೇ ಬೇಡ. ಚಾರ್ಜ್ ಮಾಡುವ ಸೆಲ್ ಉಳಿತಾಯ, ಒಪ್ಪುತ್ತೇನೆ. ಆದರೆ ಅದರ ವೋಲ್ಟೇಜ್ ಮೊದಲಿಂದಲೂ 1.2, ಆಲ್ಕಲೈನ್‌ನದು 1.5. ಡಬ್ಬಿಯಲ್ಲಿ ಸೆಲ್ ಯಾವ ಜಾತಿಯದೆಂದು ಸೆಟ್ ಮಾಡದಿದ್ದರೆ ಅದರ ಬ್ಯಾಟರಿ ಗುರುತು ಸುಳ್ಳು ಹೇಳುತ್ತದೆ. ಚಾರ್ಜ್ ಸೆಲ್ ಕೊನೆಯವರೆಗೂ ಸಮನಾಗಿ ನಡೆದು, ಆಮೇಲೆ ಬಂಡೆಯಿಂದ ಜಾರಿದಂತೆ ಒಮ್ಮೆಗೇ ಬೀಳುತ್ತದೆ. ತೆಗೆದ ಆಲ್ಕಲೈನ್‌ಗಳಲ್ಲಿ ಇನ್ನೂ ಜೀವ ಇರುತ್ತದೆ, ನಮ್ಮೂರ ಅರ್ಧ ಮನೆಗಳ ಟಿ.ವಿ. ರಿಮೋಟುಗಳು ಕುರುಕ್ಷೇತ್ರದ ಸೆಲ್‌ನಲ್ಲೇ ನಡೆಯುತ್ತಿವೆ.

ದನಿಯ ಮಟ್ಟ ಹೊಂದಿಸುವುದು ಡಬ್ಬಿಯಿಂದಲೇ ಶುರುವಾಗಬೇಕು. “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಎಂಬ ಮೆತ್ತನೆಯ ಮಾತಿಗೆ ಗೇನ್ ಇಟ್ಟರೆ ತೊಡೆ ತಟ್ಟಿ ಅಬ್ಬರಿಸುವಾಗ ದನಿ ಹರಿದುಹೋಗುತ್ತದೆ. ಹರಿದದ್ದು ಡಬ್ಬಿಯಲ್ಲೇ ಹರಿದಿರುವುದರಿಂದ ಮಿಕ್ಸರ್‌ನಲ್ಲಿ ಎಷ್ಟು ಇಳಿಸಿದರೂ ಹೊಲಿಯಲಾಗುವುದಿಲ್ಲ. ಅದಕ್ಕೇ ನಾನು ಪಾತ್ರಧಾರಿಗಳಿಗೆ ಅವರ ಭಾಗದ ಅತಿ ಜೋರಿನ ಮಾತನ್ನೇ ಹೇಳಿಸುತ್ತೇನೆ. ನಾಚಿಕೆ ಪಟ್ಟುಕೊಂಡು ಅರ್ಧ ದನಿಯಲ್ಲಿ ಹೇಳುತ್ತಾರೆ, ಸಂಜೆ ಜನ ಕಂಡಮೇಲೆ ದುಪ್ಪಟ್ಟು. ಹಾಗಾಗಿ ಕೆಂಪು ದೀಪಕ್ಕೆ ಒಂದಿಷ್ಟು ಅಂತರ ಉಳಿಸಿಕೊಂಡೇ ನಿಲ್ಲಿಸುತ್ತೇನೆ. ರಿಸೀವರ್‌ನ ಹಿಂದೆ ಮೈಕ್–ಲೈನ್ ಎಂಬ ಸ್ವಿಚ್ ಇದ್ದರೆ ಅದು ಮಿಕ್ಸರ್‌ನ ಯಾವ ತೂತಿಗೆ ಹೋಗಿದೆಯೋ ಅದಕ್ಕೆ ಹೊಂದಬೇಕು.

ನಾಟಕದ ನಡುವೆ ದನಿ ಹೋದರೆ ಗಾಬರಿಯಲ್ಲಿ ಎಲ್ಲರೂ ಮಿಕ್ಸರ್ ಗುಂಡಿ ತಿರುಗಿಸುತ್ತಾರೆ. ರಿಸೀವರ್‌ನ ಎರಡು ದೀಪ ನೋಡಿದರೆ ಸಾಕು. ಆರ್‌ಎಫ್ ದೀಪ ಇಲ್ಲ: ಸೆಲ್ ಹೋಗಿದೆ, ಸ್ವಿಚ್ ಆಫ್ ಆಗಿದೆ, ಇಲ್ಲವೇ ಆಂಟೆನಾ ಮುರಿದಿದೆ. ಆರ್‌ಎಫ್ ಇದೆ, ಪಾತ್ರ ಮಾತಾಡಿದರೂ ದನಿ ತೋರಿಸುವ ‘ಎಎಫ್’ ದೀಪ ಕುಣಿಯುತ್ತಿಲ್ಲ: ರೇಡಿಯೊ ಸರಿಯಿದೆ, ಮೈಕಿನ ತಂತಿ ಕಿತ್ತಿದೆ ಅಥವಾ ಡಬ್ಬಿ ಮ್ಯೂಟ್‌ನಲ್ಲಿದೆ. ಎರಡೂ ಇವೆ, ಸ್ಪೀಕರ್ ಮಾತ್ರ ಮೂಕ: ತಪ್ಪು ನಿಮ್ಮ ಕಡೆಯದು, ತಂತಿಯೋ ಫೇಡರೋ ನೋಡಿಕೊಳ್ಳಿ. ಯಾವ ಮನೆಯಲ್ಲಿ ಕಳ್ಳ ಎಂದು ತಿಳಿದ ಮೇಲೆ ಹಿಡಿಯುವುದು ಕಷ್ಟವಲ್ಲ.

ಕೂಗಿನ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಸ್ಪೀಕರ್ ಹೇಳಿದ್ದನ್ನು ಮೈಕ್ ಕೇಳಿಸಿಕೊಂಡು ಮತ್ತೆ ಸ್ಪೀಕರ್‌ಗೇ ಹೇಳುವ ಚಾಡಿ ಅದು. ಸ್ಪೀಕರ್ ಯಾವಾಗಲೂ ಪಾತ್ರಗಳಿಗಿಂತ ಮುಂದಿರಬೇಕು, ಮುಖ ಜನರ ಕಡೆ. ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಮೂರು ಡೆಸಿಬೆಲ್ ಕಳೆದುಕೊಳ್ಳುತ್ತೀರಿ. ಎಂಟು ಮೈಕ್ ಒಟ್ಟಿಗೆ ತೆರೆದಿಟ್ಟರೆ ಒಂಬತ್ತು. ಹ್ಯಾಂಡ್ ಮೈಕ್ ಕೊಟ್ಟಾಗ ಒಂದು ಮಾತು ಹೇಳಿಕೊಡಿ: ಸಿನಿಮಾ ಹಾಡುಗಾರರನ್ನು ನೋಡಿ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ, ಮುಂದಿನದನ್ನು ಮಾತ್ರ ಕೇಳುವ ಅದರ ಗುಣ ಹೋಗಿ ಸುತ್ತಲಿನದೆಲ್ಲ ಕೇಳತೊಡಗುತ್ತದೆ, ಕೂಗು ಗ್ಯಾರಂಟಿ. ಬುಡ ಹಿಡಿದರೆ ಅಲ್ಲಿ ಆಂಟೆನಾ ಇರುತ್ತದೆ, ದನಿ ಕಡಿಯುತ್ತದೆ. ನಡುವೆ ಹಿಡಿಯಬೇಕು. ಸ್ವಾಗತ ಭಾಷಣದವರು ಸೊಂಟದ ಮಟ್ಟದಲ್ಲಿ ಮೈಕ್ ಹಿಡಿದು “ಸೌಂಡ್ ಜಾಸ್ತಿ ಮಾಡ್ರೀ” ಎನ್ನುವುದಕ್ಕೆ ನನ್ನಲ್ಲಿ ಮದ್ದಿಲ್ಲ.

ಎಷ್ಟು ಕಾರ್ಡ್‌ಲೆಸ್ ಬೇಕು ಎಂದರೆ, ಅವರು ಅಂದುಕೊಂಡದ್ದರ ಅರ್ಧ ಎನ್ನುತ್ತೇನೆ. ಹಾರ್ಮೋನಿಯಂ, ತಬಲಾ ಕೂತಲ್ಲೇ ಇರುವುವು, ಅವಕ್ಕೆ ತಂತಿಯ ಮೈಕೇ ಮೇಲು. ಸಣ್ಣ ಪಾತ್ರಗಳಿಗೆ ಹಳೆಯ ಸ್ಟ್ಯಾಂಡ್ ಮೈಕ್ ಸಾಕು. ಕೃಷ್ಣ, ದುರ್ಯೋಧನ, ಭೀಮ, ದ್ರೌಪದಿ, ಶಕುನಿ, ಐವರಿಗೆ ಐದು, ಕೈಯಲ್ಲೊಂದು ಹೆಚ್ಚಿನದು. ಡಬ್ಬಿಯ ಸ್ವಿಚ್ ಮೇಲೆ ಟೇಪು ಅಂಟಿಸಿ ಲಾಕ್ ಮಾಡಿಬಿಡುತ್ತೇನೆ, ಆನ್–ಆಫ್ ಪಾತ್ರಧಾರಿಯ ಕೆಲಸವಲ್ಲ. ಪಕ್ಕದಲ್ಲಿ ಒಬ್ಬರು ನಾಟಕದ ಪುಸ್ತಕ ಹಿಡಿದು ಕೂತು, ಯಾರು ಒಳಗೆ ಹೋದರು, ಯಾರು ಬರುವವರಿದ್ದಾರೆ ಎಂದು ಹೇಳುತ್ತಿರಬೇಕು, ನಾನು ಫೇಡರ್ ಇಳಿಸಿ ಏರಿಸುತ್ತಿರಬೇಕು.

ಮುಂದಿನ ವರ್ಷದ ನಾಟಕದ ದಿನ ಬೆಳಗ್ಗೆಯೇ ನಾನು ಪಕ್ಕದ ಬೀದಿಯ ಛತ್ರಕ್ಕೆ ಹೋದೆ. ಅಂದೂ ಮದುವೆ. ಮೈಕ್‌ಸೆಟ್ ಹುಡುಗ ಪೆಟ್ಟಿಗೆ ಬಿಚ್ಚುತ್ತಿದ್ದ. ವಿಷಯ ಹೇಳಿ, ನಮ್ಮ ಫ್ರೀಕ್ವೆನ್ಸಿಗಳ ಚೀಟಿ ಕೊಟ್ಟೆ. ಅವನು ಲಗ್ನಪತ್ರಿಕೆಯ ಹಿಂದೆ ತನ್ನ ಎರಡು ಅಂಕಿ ಬರೆದುಕೊಟ್ಟ. ಒಂದು ನಮ್ಮ ದ್ರೌಪದಿಯದಕ್ಕೆ ತೀರಾ ಹತ್ತಿರವಿತ್ತು, ಬದಲಿಸಿಕೊಳ್ಳುತ್ತೇನೆ ಎಂದೆ. ಹೊರಡುವಾಗ ಅವನು ಹಿಂದಿನಿಂದ ಕರೆದ.

“ಸಾರ್, ಹೋದ್ ವರ್ಷಾನೂ ನಾಟ್ಕ ನಿಮ್ದೇನಾ? ಆರತಕ್ಷತೇಲಿ ಹುಡ್ಗಿ ತಂದೆ ನಾಲ್ಕ್ ಮಾತಾಡಿ ಮೈಕ್ ಆಫ್ ಮಾಡಿ ಇಟ್ರು. ಬೀಗರು ಇನ್ನೇನ್ ಊಟಕ್ ಏಳ್ಬೇಕು, ನಮ್ ಬಾಕ್ಸಲ್ಲಿ ಯಾರೋ ಶಕುನಿ ಥರ ನಕ್ಬಿಟ್ರು ಸಾರ್. ಉದ್ದುಕ್ಕೆ.”